ಗಣಕದೊಳಗಿನ ಗುಪ್ತ ವಿಭಾಗ: ಮೊದಲ ಸ್ಥಿತಿಗೆ ಮರಳುವ ವಿದ್ಯೆಯ ಚರಿತ್ರೆ

ಶಾಲೆಯ ಗಣಕ ಕೊಠಡಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಕೆಟ್ಟು ಕೂತಿದೆ ಎಂದುಕೊಳ್ಳಿ. ಗುಂಡಿ ಒತ್ತಿದರೆ ದೀಪ ಬೆಳಗುತ್ತದೆ, ಫ್ಯಾನು ತಿರುಗುತ್ತದೆ, ತಯಾರಕರ ಹೆಸರು ಪರದೆಯ ಮೇಲೆ ಮೂಡುತ್ತದೆ. ಅದರಿಂದ ಮುಂದಕ್ಕೆ ಯಂತ್ರ ಹೋಗುವುದಿಲ್ಲ. ದುರಸ್ತಿ ಮಾಡುವವನು ಬರುತ್ತಾನೆ. ಅವನ ಕೈಯಲ್ಲಿ ಸಿಡಿ ಇಲ್ಲ, ಪೆನ್ ಡ್ರೈವ್ ಇಲ್ಲ, ಅಂತರಜಾಲದ ಸಂಪರ್ಕವೂ ಇಲ್ಲ. ಯಂತ್ರ ಶುರುವಾಗುವ ಹೊತ್ತಿಗೆ ಸರಿಯಾಗಿ ಕೀಲಿಮಣೆಯ ಒಂದು ಕೀಲಿಯನ್ನು ಒತ್ತುತ್ತಾನೆ. ಕೆಲವು ತಯಾರಕರ ಯಂತ್ರಗಳಲ್ಲಿ ಅದು ಎಫ್11, ಇನ್ನು ಕೆಲವರಲ್ಲಿ ಆಲ್ಟ್ ಮತ್ತು ಎಫ್10 ಒಟ್ಟಿಗೆ. ಒಂದೆರಡು ಪ್ರಶ್ನೆಗಳಿಗೆ 'ಹೌದು' ಎಂದು ಉತ್ತರಿಸುತ್ತಾನೆ. ಸ್ವಲ್ಪ ಹೊತ್ತಿನ ಬಳಿಕ ಲ್ಯಾಪ್‌ಟಾಪ್, ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆ ತೆರೆದುಕೊಳ್ಳುತ್ತದೆ.

ಇಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಹೊರಗಿನಿಂದ ಏನನ್ನೂ ತರದೆ ಇದ್ದಾಗ ಈ ಹೊಸ ವ್ಯವಸ್ಥೆ ಬಂದದ್ದು ಎಲ್ಲಿಂದ? ಅಲ್ಲಿಯವರೆಗೆ ಅದು ನಮ್ಮ ಕಣ್ಣಿಗೆ ಏಕೆ ಬಿದ್ದಿರಲಿಲ್ಲ? ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಆ ಲ್ಯಾಪ್‌ಟಾಪ್‌ನಲ್ಲಿದ್ದ ಪ್ರಶ್ನೆಪತ್ರಿಕೆಗಳು, ಅಂಕಪಟ್ಟಿಗಳು, ಮಕ್ಕಳ ಯೋಜನಾ ವರದಿಗಳು ಎಲ್ಲಿಗೆ ಹೋದವು?

ಮೊದಲ ಎರಡು ಪ್ರಶ್ನೆಗಳಿಗೆ ಚುಟುಕು ಉತ್ತರ ಇದು: ಹಾರ್ಡ್ ಡಿಸ್ಕಿನ ಒಂದು ಭಾಗವನ್ನು ತಯಾರಕರು ಮೊದಲೇ ಬೇರೆ ತೆಗೆದು, ಅದರಲ್ಲಿ ಮೂಲ ವ್ಯವಸ್ಥೆಯ ಪ್ರತಿಯೊಂದನ್ನು ಇಟ್ಟು, ಬಳಕೆದಾರನಿಗೆ ಕಾಣದಂತೆ ಮಾಡಿರುತ್ತಾರೆ. ಇದನ್ನು ರಿಕವರಿ ಪಾರ್ಟಿಷನ್ ಅಥವಾ ಪುನಃಸ್ಥಾಪನೆಯ ವಿಭಾಗ ಎನ್ನುತ್ತಾರೆ. ಆದರೆ ಈ ಉಪಾಯ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 'ಕೆಡದ ಪ್ರತಿಯನ್ನು ಎಲ್ಲಿ ಇಡಬೇಕು?' ಎಂಬ ಒಂದೇ ಪ್ರಶ್ನೆಗೆ ಗಣಕ ವಿಜ್ಞಾನಿಗಳು ಆರೇಳು ದಶಕಗಳಿಂದ ಕೊಡುತ್ತ ಬಂದ ಬೇರೆ ಬೇರೆ ಉತ್ತರಗಳಲ್ಲಿ ಇದೂ ಒಂದು. ಆ ಚರಿತ್ರೆಯನ್ನು ತಿಳಿದರೆ ಮೂರನೆಯ ಪ್ರಶ್ನೆಯ ಉತ್ತರವೂ ಸ್ಪಷ್ಟವಾಗುತ್ತದೆ.

ಹೆಪ್ಪಿನ ಸಮಸ್ಯೆ

ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಹೆಪ್ಪು ಎಂದರೆ ಮೊಸರೇ. ಹಾಗಾದರೆ ಮೊಸರು ಪೂರ್ತಿ ಮುಗಿದುಹೋದ ಮನೆಯಲ್ಲಿ ಮೊಸರು ಮಾಡುವುದು ಹೇಗೆ? ಗಣಕದ ಸಮಸ್ಯೆಯೂ ಇಂಥದೇ. ಗಣಕ ಯಾವ ಕೆಲಸ ಮಾಡಬೇಕಾದರೂ ಅದರ ಸ್ಮೃತಿಯಲ್ಲಿ ಸೂಚನೆಗಳು ಇರಬೇಕು. ಆ ಸೂಚನೆಗಳನ್ನು ಹೊರಗಿನಿಂದ ಸ್ಮೃತಿಗೆ ತರುವುದೂ ಒಂದು ಕೆಲಸವೇ. ಅದಕ್ಕೂ ಸೂಚನೆಗಳು ಬೇಕು. ಮೊದಲ ಸೂಚನೆಯನ್ನು ತರುವವರು ಯಾರು?

1948ರ ಜೂನ್ 21ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ, ಸ್ಮೃತಿಯಲ್ಲಿ ಶೇಖರಿಸಿದ ಕ್ರಮವಿಧಿಯನ್ನು ಒಂದು ವಿದ್ಯುನ್ಮಾನ ಗಣಕ ಮೊದಲ ಬಾರಿಗೆ ನಡೆಸಿತು. 'ಬೇಬಿ' ಎಂದು ಕರೆಯಲಾಗುತ್ತಿದ್ದ ಈ ಯಂತ್ರದಲ್ಲಿ ಇದ್ದದ್ದು 32 ಪದಗಳ ಸ್ಮೃತಿ. ಟಾಮ್ ಕಿಲ್ಬರ್ನ್ ಬರೆದ ಆ ಕ್ರಮವಿಧಿಯನ್ನು ಗುಂಡಿಗಳನ್ನು ಒತ್ತಿ, ಒಂದೊಂದೇ ಬಿಟ್ ಆಗಿ ತುಂಬಬೇಕಾಗಿತ್ತು. ಅಂದರೆ ಮೊದಲ ಉತ್ತರ: ಪ್ರತಿ ಇರುವುದು ಮನುಷ್ಯನ ಬಳಿ, ಕಾಗದದ ಮೇಲೆ.

ಮರುವರ್ಷ, 1949ರ ಮೇ 6ರಂದು, ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಗಣಕ ಕೆಲಸ ಆರಂಭಿಸಿತು. ಅದರ ಸ್ಮೃತಿ ಪಾದರಸ ತುಂಬಿದ ಕೊಳವೆಗಳಲ್ಲಿ ಸುತ್ತುತ್ತಿದ್ದ ಧ್ವನಿ ತರಂಗಗಳು. ವಿದ್ಯುತ್ ನಿಂತರೆ ತರಂಗವೂ ನಿಲ್ಲುತ್ತಿತ್ತು, ಸ್ಮೃತಿ ಬರಿದಾಗುತ್ತಿತ್ತು. ಇದಕ್ಕೆ ಡೇವಿಡ್ ವೀಲರ್ ಎಂಬ ತರುಣ ವಿಜ್ಞಾನಿ ಸೊಗಸಾದ ಪರಿಹಾರ ಕೊಟ್ಟರು. 31 ಸೂಚನೆಗಳ ಒಂದು ಪುಟ್ಟ ಕ್ರಮವಿಧಿಯನ್ನು ಅವರು ಬರೆದರು. ಅದನ್ನು ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಬಳಸುತ್ತಿದ್ದ ಯಾಂತ್ರಿಕ ಸ್ವಿಚ್ಚುಗಳಲ್ಲಿ ತಂತಿ ಬೆಸೆದು ಶಾಶ್ವತಗೊಳಿಸಲಾಯಿತು. ಆರಂಭದ ಗುಂಡಿ ಒತ್ತಿದೊಡನೆ ಆ 31 ಸೂಚನೆಗಳು ಸ್ಮೃತಿಗೆ ನಕಲಾಗುತ್ತಿದ್ದವು. ಅವು ಕಾಗದದ ಪಟ್ಟಿಯ ರಂಧ್ರಗಳನ್ನು ಓದಿ ಉಳಿದ ಕ್ರಮವಿಧಿಯನ್ನು ತುಂಬಿಕೊಳ್ಳುತ್ತಿದ್ದವು. ಗಣಕ ತನ್ನ ಹೆಪ್ಪನ್ನು ತನ್ನೊಳಗೇ ಇಟ್ಟುಕೊಳ್ಳಲು ಕಲಿತದ್ದು ಹೀಗೆ.

ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ: ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲಕ್ಕೇಳುವುದು. ಗಣಕದ ಈ ಸ್ವಯಂ ಆರಂಭಕ್ಕೆ ಅದೇ ಹೆಸರು ಬಂತು, ಬೂಟ್‌ಸ್ಟ್ರಾಪ್. ಇಂದು ನಾವು ಗಣಕ 'ಬೂಟ್' ಆಯಿತು ಎನ್ನುವುದು ಅದರ ಮೊಟಕು ರೂಪ. 1975ರಲ್ಲಿ ಜನಪ್ರಿಯವಾದ ಆಲ್ಟೇರ್ 8800 ಎಂಬ ಅಗ್ಗದ ಗಣಕವನ್ನು ಕೊಂಡ ಹವ್ಯಾಸಿಗಳು ಮಾತ್ರ ಮತ್ತೆ ಬೇಬಿಯ ಕಾಲಕ್ಕೇ ಹೋದರು. ಯಂತ್ರವನ್ನು ಹಚ್ಚಿದಾಗಲೆಲ್ಲ ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಆರಂಭದ ಸೂಚನೆಗಳನ್ನು ಅವರು ಕೈಯಾರೆ ತುಂಬಬೇಕಿತ್ತು.

ಹಚ್ಚಿದಾಗಲೆಲ್ಲ ಹೊಸದು

1980ರ ದಶಕದ ಆರಂಭದ ಮನೆ ಗಣಕಗಳು ಈ ತೊಂದರೆಯನ್ನು ಪೂರ್ತಿ ನೀಗಿದವು. 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಬಿಬಿಸಿ ಮೈಕ್ರೋ ಇದಕ್ಕೆ ಒಳ್ಳೆಯ ಉದಾಹರಣೆ. ಭಾರತದಲ್ಲಿ 1984ರಲ್ಲಿ ಆರಂಭವಾದ 'ಕ್ಲಾಸ್' ಎಂಬ ಶಾಲಾ ಗಣಕ ಸಾಕ್ಷರತಾ ಯೋಜನೆಯಲ್ಲಿ ಬಳಸಿದ್ದು ಇದನ್ನೇ. ಹಿರಿಯ ಶಿಕ್ಷಕರಲ್ಲಿ ಕೆಲವರಿಗೆ ಇದರ ನೆನಪಿರಬಹುದು. ಅದರ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, 16 ಕಿಲೋಬೈಟ್. ಬೇಸಿಕ್ ಭಾಷೆ ಇನ್ನೊಂದು 16 ಕಿಲೋಬೈಟ್. ಎರಡೂ ಓದಲು ಮಾತ್ರ ಬರುವ, ಬರೆಯಲು ಬಾರದ ರಾಮ್ ಅಲ್ಲದ 'ರೋಮ್' ಚಿಪ್ಪುಗಳಲ್ಲಿ ಅಚ್ಚಾಗಿದ್ದವು. ವಿದ್ಯಾರ್ಥಿ ಏನೇ ಎಡವಟ್ಟು ಮಾಡಲಿ, ಯಂತ್ರವನ್ನು ಆರಿಸಿ ಹಚ್ಚಿದರೆ ಸಾಕಿತ್ತು. ಕಾರ್ಖಾನೆಯಿಂದ ಬಂದ ಸ್ಥಿತಿಯೇ ಮರಳಿ ಬರುತ್ತಿತ್ತು. ಅದಕ್ಕೆ ಬೇರೆ ಹೆಸರೂ ಬೇಕಿರಲಿಲ್ಲ.

1981ರ ಆಗಸ್ಟ್ 12ರಂದು ಬಿಡುಗಡೆಯಾದ ಐಬಿಎಂ ಪಿಸಿಯಲ್ಲಿಯೂ 40 ಕಿಲೋಬೈಟ್ ರೋಮ್ ಇತ್ತು. ಅದರಲ್ಲಿ 8 ಕಿಲೋಬೈಟ್ ಆರಂಭದ ಸೂಚನೆಗಳು, ಅಂದರೆ 'ಬಯೋಸ್'. ಉಳಿದದ್ದು ಬೇಸಿಕ್. ಫ್ಲಾಪಿ ಹಾಕದೆ ಹಚ್ಚಿದರೆ ಯಂತ್ರ ನೇರವಾಗಿ ಬೇಸಿಕ್‌ಗೆ ಹೋಗುತ್ತಿತ್ತು.

ರೋಮ್‌ನ ಗುಣವೇ ಅದರ ದೋಷ. ಬರೆಯಲು ಬಾರದ್ದು ಕೆಡುವುದಿಲ್ಲ, ನಿಜ. ಆದರೆ ಅದು ಸುಧಾರಿಸುವುದೂ ಇಲ್ಲ. ಒಂದು ತಪ್ಪನ್ನು ತಿದ್ದಬೇಕಾದರೆ ಚಿಪ್ಪನ್ನೇ ಬದಲಿಸಬೇಕು. ಕಾರ್ಯಾಚರಣ ವ್ಯವಸ್ಥೆಗಳು ಬೆಳೆದು ವರ್ಷಕ್ಕೊಮ್ಮೆ ಬದಲಾಗತೊಡಗಿದಾಗ ಅವುಗಳ ವಾಸ ಚಿಪ್ಪಿನಿಂದ ಡಿಸ್ಕಿಗೆ ಬಂತು. ತಿದ್ದಬಹುದಾದ ಜಾಗಕ್ಕೆ ಬಂದ ಮೇಲೆ ಕೆಡುವ ಸಾಧ್ಯತೆಯೂ ಜೊತೆಗೇ ಬಂತು.

ಗೋಡೆಯಲ್ಲ, ಬರಿಯ ಅಂಕಿಗಳು

1983ರ ಮಾರ್ಚಿಯಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿ ಎಂಬ ಮಾದರಿಯಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಇತ್ತು. ಅಂದಿನ 360 ಕಿಲೋಬೈಟ್ ಫ್ಲಾಪಿಗಳ ಲೆಕ್ಕದಲ್ಲಿ ಇದು ಸುಮಾರು 28 ಫ್ಲಾಪಿಗಳಿಗೆ ಸಮ. ಇಷ್ಟು 'ದೊಡ್ಡ' ಜಾಗವನ್ನು ಒಂದಕ್ಕಿಂತ ಹೆಚ್ಚು ಕಾರ್ಯಾಚರಣ ವ್ಯವಸ್ಥೆಗಳು ಹಂಚಿಕೊಳ್ಳಬೇಕಾಗಬಹುದು ಎಂದು ವಿನ್ಯಾಸಕಾರರು ಯೋಚಿಸಿದರು. ಅದಕ್ಕಾಗಿ ಡಿಸ್ಕನ್ನು ವಿಭಾಗಿಸುವ ಪದ್ಧತಿಯನ್ನು ತಂದರು. ಗುಪ್ತ ವಿಭಾಗದ ಬೇರು ಇರುವುದು ಇಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಾರ್ಡ್ ಡಿಸ್ಕಿನ ಬಿಲ್ಲೆಯ ಮೇಲೆ ಒಂದು ವಿಭಾಗಕ್ಕೂ ಇನ್ನೊಂದಕ್ಕೂ ನಡುವೆ ಗೋಡೆಯಾಗಲಿ ಗೀರಾಗಲಿ ಇರುವುದಿಲ್ಲ. ಇಡೀ ಡಿಸ್ಕ್ 512 ಬೈಟ್‌ಗಳ ಸಣ್ಣ ಸಣ್ಣ ತುಣುಕುಗಳ ಒಂದು ಉದ್ದನೆಯ ಸಾಲು. ಈ ತುಣುಕುಗಳಿಗೆ ಸೆಕ್ಟರ್ ಎಂದು ಹೆಸರು. ಮೊಟ್ಟಮೊದಲ ಸೆಕ್ಟರಿನ 512 ಬೈಟ್‌ಗಳ ಹಂಚಿಕೆ ಹೀಗಿದೆ: ಮೊದಲ 446 ಬೈಟ್ ಆರಂಭದ ಸೂಚನೆಗಳಿಗೆ, ನಂತರದ 64 ಬೈಟ್ ವಿಭಾಗಗಳ ಪಟ್ಟಿಗೆ, ಕೊನೆಯ 2 ಬೈಟ್ ಗುರುತಿನ ಮುದ್ರೆಗೆ. ಪಟ್ಟಿಯಲ್ಲಿ ಒಂದು ವಿಭಾಗದ ವಿವರಕ್ಕೆ 16 ಬೈಟ್ ಬೇಕು. ಹೀಗಾಗಿ 64 ಬೈಟ್‌ಗಳಲ್ಲಿ ನಾಲ್ಕೇ ವಿಭಾಗಗಳಿಗೆ ಜಾಗ. ಒಂದೊಂದು ವಿವರದಲ್ಲಿಯೂ ಇರುವುದು ಇಷ್ಟು: ಈ ವಿಭಾಗದಿಂದ ಬೂಟ್ ಆಗಬೇಕೇ ಇಲ್ಲವೇ, ವಿಭಾಗ ಎಲ್ಲಿ ಶುರುವಾಗುತ್ತದೆ, ಎಷ್ಟು ಸೆಕ್ಟರ್ ಉದ್ದ, ಮತ್ತು ಅದು ಯಾವ ಬಗೆಯದು. ಈ 'ಬಗೆ' ಒಂದೇ ಒಂದು ಬೈಟಿನ ಸಂಖ್ಯೆ.

ಅಡಗಿಸುವ ಕೌಶಲ ಇರುವುದು ಈ ಒಂದು ಬೈಟಿನಲ್ಲಿ. ಬಗೆಯ ಸಂಖ್ಯೆ 6 ಎಂದಿದ್ದರೆ ಡಾಸ್ ಅದನ್ನು ತನ್ನದೆಂದು ಗುರುತಿಸಿ ಡ್ರೈವ್ ಆಗಿ ತೋರಿಸುತ್ತದೆ. ಅದೇ ಜಾಗದಲ್ಲಿ 22 ಎಂದು ಬರೆದರೆ 'ಇದು ನನಗೆ ತಿಳಿಯದ್ದು' ಎಂದು ಸುಮ್ಮನಾಗುತ್ತದೆ. ಐಬಿಎಂ ಕಂಪನಿಯ ಓಎಸ್/2 ವ್ಯವಸ್ಥೆ ಜೊತೆಗೆ ಬಂದ ಬೂಟ್ ಮ್ಯಾನೇಜರ್ ಹೀಗೆ ಮೂಲ ಸಂಖ್ಯೆಗೆ 16 ಕೂಡಿಸಿ ವಿಭಾಗಗಳನ್ನು ಮರೆಮಾಡುತ್ತಿತ್ತು. ಒಳಗಿನ ದತ್ತಾಂಶ ಒಂದು ಬಿಟ್ಟೂ ಬದಲಾಗುವುದಿಲ್ಲ. ಮನೆಯ ಬಾಗಿಲಿನ ಮೇಲಿನ ಹೆಸರು ಹಲಗೆಯನ್ನಷ್ಟೇ ತಿರುಗಿಸಿದಂತೆ. ಮುಂದೆ ವಿಂಡೋಸ್ ಯಂತ್ರಗಳ ಪುನಃಸ್ಥಾಪನೆಯ ವಿಭಾಗಕ್ಕೆ 39 ಎಂಬ ಸಂಖ್ಯೆ ರೂಢಿಗೆ ಬಂತು. ಅದೇ ರಚನೆಯ ಸಾಮಾನ್ಯ ವಿಭಾಗದ ಸಂಖ್ಯೆ 7.

ತಯಾರಕರು ಡಿಸ್ಕಿನಲ್ಲಿ ತಮಗಾಗಿ ಜಾಗ ಕಾಯ್ದಿರಿಸಿದ್ದಕ್ಕೆ ಹಳೆಯ ಉದಾಹರಣೆಗಳಿವೆ. 1990ರಲ್ಲಿ ಬಂದ ಐಬಿಎಂ ಪಿಎಸ್/2 ಸರಣಿಯ 90 ಮತ್ತು 95ನೆಯ ಮಾದರಿಗಳು ಆರಂಭದ ಸೂಚನೆಗಳ ಬಹುಭಾಗವನ್ನು ಡಿಸ್ಕಿನ ಕೆಲವು ಮೆಗಾಬೈಟ್‌ಗಳ ಅಡಗಿದ ಭಾಗದಲ್ಲಿ ಇಟ್ಟಿದ್ದವು. ಕಾಂಪ್ಯಾಕ್ ಕಂಪನಿಯ ಗಣಕಗಳಲ್ಲಿ ಯಂತ್ರ ಪರೀಕ್ಷೆಯ ತಂತ್ರಾಂಶಕ್ಕೆ ಪ್ರತ್ಯೇಕ ವಿಭಾಗವಿತ್ತು. ಆದರೆ ಇಡೀ ಕಾರ್ಯಾಚರಣ ವ್ಯವಸ್ಥೆಯ ಪ್ರತಿಯನ್ನೇ ಅಡಗಿಸಿಡುವ ಕಾಲ ಇನ್ನೂ ಬಂದಿರಲಿಲ್ಲ. ಡಿಸ್ಕಿನ ಜಾಗ ಅಷ್ಟು ದುಬಾರಿಯಾಗಿತ್ತು.

ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಡಿಸ್ಕಿಗೆ

1990ರ ದಶಕದ ನಡುವಿನವರೆಗೆ ಮೂಲ ಪ್ರತಿ ಫ್ಲಾಪಿಗಳಲ್ಲಿ ಇರುತ್ತಿತ್ತು. ವಿಂಡೋಸ್ 95ರ ಫ್ಲಾಪಿ ಆವೃತ್ತಿಯಲ್ಲಿ 13 ಫ್ಲಾಪಿಗಳಿದ್ದವು. ಒಂದರ ಮೇಲೊಂದನ್ನು ಹಾಕುತ್ತ ಹೋಗಿ, ಹನ್ನೊಂದನೆಯದರಲ್ಲಿ 'ಓದಲು ಆಗುತ್ತಿಲ್ಲ' ಎಂಬ ಸಂದೇಶ ಬಂದರೆ ಅಷ್ಟು ಹೊತ್ತಿನ ಕೆಲಸವೆಲ್ಲ ವ್ಯರ್ಥ. ಸುಮಾರು 650 ಮೆಗಾಬೈಟ್ ಹಿಡಿಸುವ ಸಿಡಿ ಬಂದ ಮೇಲೆ ಈ ಗೋಳು ತಪ್ಪಿತು. ಒಂದು ಸಿಡಿ 450 ಫ್ಲಾಪಿಗಳಿಗೆ ಸಮ.

ಇದೇ ಹೊತ್ತಿಗೆ ಇನ್ನೊಂದು ಮುಖ್ಯ ಬದಲಾವಣೆ ನಡೆಯಿತು. ಅಲ್ಲಿಯವರೆಗೆ ವ್ಯವಸ್ಥೆಯನ್ನು 'ಸ್ಥಾಪಿಸುವುದು' ಎಂದರೆ ಕಡತಗಳನ್ನು ಒಂದೊಂದಾಗಿ ನಕಲಿಸಿ, ಯಂತ್ರಾಂಶಕ್ಕೆ ತಕ್ಕಂತೆ ಹೊಂದಿಸುವುದು. ನ್ಯೂಜಿಲೆಂಡಿನ ಮರ್ರೇ ಹ್ಯಾಜಾರ್ಡ್ 1990ರ ದಶಕದ ನಡುವಿನಲ್ಲಿ 'ಘೋಸ್ಟ್' ಎಂಬ ತಂತ್ರಾಂಶವನ್ನು ಬರೆದರು. ಒಂದು ಗಣಕವನ್ನು ಪೂರ್ತಿಯಾಗಿ ಸಿದ್ಧಪಡಿಸಿ, ಅದರ ಡಿಸ್ಕಿನ ಪಡಿಯಚ್ಚನ್ನು ಒಂದೇ ಕಡತವಾಗಿ ತೆಗೆದು, ಅದನ್ನು ಬೇರೆ ಗಣಕಗಳ ಮೇಲೆ ಹಾಗೆಯೇ ಇಳಿಸುವುದು ಅದರ ಕೆಲಸ. ಇಂಥ ಕಡತಕ್ಕೆ 'ಇಮೇಜ್' ಅಥವಾ ಬಿಂಬ ಎನ್ನುತ್ತಾರೆ. 1998ರಲ್ಲಿ ಅಮೆರಿಕದ ಸಿಮ್ಯಾಂಟೆಕ್ ಕಂಪನಿ ಘೋಸ್ಟನ್ನು ಕೊಂಡುಕೊಂಡಿತು. ಒಂದೇ ಮಾದರಿಯ ಸಾವಿರಾರು ಗಣಕಗಳನ್ನು ತಯಾರಿಸುವ ಕಾರ್ಖಾನೆಗೆ ಈ ವಿಧಾನ ಹೇಳಿ ಮಾಡಿಸಿದಂತಿತ್ತು. ಕಾರ್ಖಾನೆಯಲ್ಲಿ ಇಳಿಸಿದ ಬಿಂಬವನ್ನೇ ಗ್ರಾಹಕನಿಗೂ ಕೊಟ್ಟರೆ ಅವನೂ ಅದೇ ಸ್ಥಿತಿಗೆ ಮರಳಬಹುದಲ್ಲವೇ?

ಮೊದಮೊದಲು ಬಿಂಬವನ್ನು ಸಿಡಿಯಲ್ಲಿ ಕೊಡುತ್ತಿದ್ದರು. 2000ರ ಸುಮಾರಿಗೆ ಅದು ಡಿಸ್ಕಿನೊಳಗೆ ಸೇರತೊಡಗಿತು. ಇದಕ್ಕೆ ಕಾರಣಗಳು ಹಲವು. ಡಿಸ್ಕುಗಳು ಹತ್ತಾರು ಗಿಗಾಬೈಟ್‌ಗಳಿಗೆ ಬೆಳೆದು ಜಾಗ ಅಗ್ಗವಾಗಿತ್ತು. ಸಿಡಿ ಅಚ್ಚು ಹಾಕಿಸಿ ಪೆಟ್ಟಿಗೆಯಲ್ಲಿ ಇಡುವ ಖರ್ಚು ಉಳಿಯುತ್ತಿತ್ತು. ಸಿಡಿ ಕಳೆದುಹೋಯಿತೆಂದು ಗ್ರಾಹಕರು ದೂರುವುದು ತಪ್ಪುತ್ತಿತ್ತು. ನಾಲ್ಕನೆಯದು ಮೈಕ್ರೋಸಾಫ್ಟ್ ಕಂಪನಿಯ ಕಳವಳ. ವಿಂಡೋಸ್‌ನ ಪೂರ್ಣ ಸಿಡಿ ಕೈಗೆ ಸಿಕ್ಕರೆ ಅದನ್ನು ಬೇರೆ ಯಂತ್ರಗಳಿಗೂ ಹಾಕಿಬಿಡುತ್ತಾರೆ ಎಂಬ ಕಾರಣಕ್ಕೆ, ದೊಡ್ಡ ತಯಾರಕರು ಪೂರ್ಣ ಸಿಡಿಯ ಬದಲು ಆ ಯಂತ್ರಕ್ಕಷ್ಟೇ ಒಗ್ಗುವ ಬಿಂಬವನ್ನು ಕೊಡುವಂತೆ ಅದು ನಿಯಮ ಮಾಡಿತು. ಹೀಗೆ ಗುಪ್ತ ವಿಭಾಗ ಗ್ರಾಹಕನ ಅನುಕೂಲಕ್ಕೆಂದು ಮಾತ್ರ ಬಂದದ್ದಲ್ಲ. ಅದಕ್ಕೆ ಬೇಕಾದ ಜಾಗದ ಬೆಲೆ ತೆತ್ತವನು ಮಾತ್ರ ಗ್ರಾಹಕನೇ. 40 ಗಿಗಾಬೈಟ್ ಡಿಸ್ಕ್ ಕೊಂಡವನ ಯಂತ್ರದಲ್ಲಿ 4 ಗಿಗಾಬೈಟ್ ಗುಪ್ತ ವಿಭಾಗಕ್ಕೆ ಹೋದರೆ, ಅವನಿಗೆ ಕಾಣದೆ ಹೋದದ್ದು ಹತ್ತನೆಯ ಒಂದು ಭಾಗ.

ಅಡಗಿಸುವುದಕ್ಕೆ ಇನ್ನೂ ಬಿಗಿಯಾದ ಒಂದು ಉಪಾಯವಿತ್ತು. ತನ್ನ ನಿಜವಾದ ಗಾತ್ರಕ್ಕಿಂತ ಕಡಿಮೆ ಗಾತ್ರವನ್ನು ಡಿಸ್ಕ್ ತಾನೇ ವರದಿ ಮಾಡುವಂತೆ ಹೊಂದಿಸುವುದು. ಹೀಗೆ ಉಳಿದ ಕೊನೆಯ ಭಾಗ ವಿಭಾಗಗಳ ಪಟ್ಟಿಯಲ್ಲಿಯೇ ಇರುವುದಿಲ್ಲ. ಐಬಿಎಂ ಕಂಪನಿಯ ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳು ಈ ವಿಧಾನವನ್ನು ಬಳಸಿದವು.

ಕೀಲಿ ಒತ್ತಿದಾಗ ಏನಾಗುತ್ತದೆ?

ಈಗ ಮೊದಲ ದೃಶ್ಯದ ಒಳಗಿನ ಕ್ರಿಯೆಯನ್ನು ಹೇಳಬಹುದು. ಕೀಲಿ ಒತ್ತಿದೊಡನೆ ಆರಂಭದ ಸೂಚನೆಗಳು ಎಂದಿನ ವಿಭಾಗವನ್ನು ಬಿಟ್ಟು ಗುಪ್ತ ವಿಭಾಗದತ್ತ ತಿರುಗುತ್ತವೆ. ಅಲ್ಲಿ ಒಂದು ಪುಟ್ಟ ಕಾರ್ಯಾಚರಣ ವ್ಯವಸ್ಥೆ ಇದೆ. ಅದು ಸ್ಮೃತಿಗೆ ಬಂದು ಕೂರುತ್ತದೆ. ತಾನು ನಿಂತಿರುವ ನೆಲವನ್ನು ತಾನೇ ಅಗೆಯಲು ಆಗುವುದಿಲ್ಲ. ಅದಕ್ಕಾಗಿಯೇ ಮುಖ್ಯ ವಿಭಾಗದ ಹೊರಗೆ ಇರುವ ಈ ಪುಟ್ಟ ವ್ಯವಸ್ಥೆ ಬೇಕು. ಬಳಕೆದಾರ ಒಪ್ಪಿದ ಮೇಲೆ ಅದು ಮುಖ್ಯ ವಿಭಾಗದ ಕಡತ ಸೂಚಿಯನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ನಂತರ ಒತ್ತಿ ಚಿಕ್ಕದಾಗಿಸಿಟ್ಟ ಬಿಂಬವನ್ನು ಬಿಡಿಸಿ ಅಲ್ಲಿ ತುಂಬುತ್ತದೆ. ಕೊನೆಗೆ ಬೂಟ್ ಗುರುತನ್ನು ಮುಖ್ಯ ವಿಭಾಗಕ್ಕೆ ಮರಳಿಸುತ್ತದೆ. ಬಿಡಿಸಿದ ಬಿಂಬ 10 ಗಿಗಾಬೈಟ್ ಇದ್ದು, ಡಿಸ್ಕ್ ಸೆಕೆಂಡಿಗೆ 20 ಮೆಗಾಬೈಟ್ ಬರೆಯಬಲ್ಲದಾದರೆ ಬರಹಕ್ಕೆ ಮಾತ್ರವೇ ಸುಮಾರು 500 ಸೆಕೆಂಡು ಬೇಕು. ಬಿಡಿಸುವುದಕ್ಕೆ, ಹೊಂದಿಸುವುದಕ್ಕೆ, ಮತ್ತೆ ಮತ್ತೆ ಬೂಟ್ ಆಗುವುದಕ್ಕೆ ಇನ್ನಷ್ಟು ಹೊತ್ತು.

ಇಲ್ಲಿಯೇ ನಮ್ಮ ಮೂರನೆಯ ಪ್ರಶ್ನೆಗೆ ಉತ್ತರವಿದೆ. ಮುಖ್ಯ ವಿಭಾಗದಲ್ಲಿ ವ್ಯವಸ್ಥೆಯ ಜೊತೆಗೇ ಇದ್ದ ನಿಮ್ಮ ಕಡತಗಳ ಸೂಚಿಯೂ ಅಳಿಯಿತು. ಅವುಗಳ ಜಾಗದ ಮೇಲೆ ಎಷ್ಟೋ ಕಡೆ ಹೊಸ ಬರಹ ಬಿತ್ತು. ಯಂತ್ರಕ್ಕೆ ಕಾರ್ಖಾನೆಯ ದಿನ ನೆನಪಿದೆ. ಅಲ್ಲಿಂದ ಇಲ್ಲಿಯವರೆಗೆ ನೀವು ಮಾಡಿದ ಕೆಲಸ ಅದರ ಲೆಕ್ಕದಲ್ಲಿಲ್ಲ. ತಮಾಷೆಯೆಂದರೆ ಇದರ ಇನ್ನೊಂದು ಮುಖವೂ ನಿಜ. ಹೊಸ ಬರಹ ಬೀಳದ ಜಾಗಗಳಲ್ಲಿ ಹಳೆಯ ದತ್ತಾಂಶ ಹಾಗೇ ಉಳಿದಿರುತ್ತದೆ. ತಕ್ಕ ತಂತ್ರಾಂಶವಿದ್ದರೆ ಅದನ್ನು ಓದಬಹುದು. ಹಾಗಾಗಿ ಇಂಥ ಪುನಃಸ್ಥಾಪನೆಯನ್ನು ಬೇಕಾದ ಕಡತಗಳನ್ನು ಉಳಿಸಿಕೊಳ್ಳಲು ನಂಬುವಂತಿಲ್ಲ, ಹಳೆಯ ಯಂತ್ರ ಮಾರುವಾಗ ಬೇಡದವನ್ನು ಪೂರ್ತಿ ಅಳಿಸಲೂ ನಂಬುವಂತಿಲ್ಲ.

ಒಂದೇ ಬಿಲ್ಲೆಯ ಮೇಲೆ

ಗುಪ್ತ ವಿಭಾಗದ ದೊಡ್ಡ ಮಿತಿ ಭೌತಿಕವಾದದ್ದು. ಅದು ಇರುವುದು ಅದೇ ಡಿಸ್ಕಿನ ಮೇಲೆ. ತಿರುಗುವ ಬಿಲ್ಲೆಗೆ ಓದುವ ತಲೆ ಬಡಿದರೆ, ಮೋಟಾರು ನಿಂತರೆ, ವಿದ್ಯುನ್ಮಾನ ಫಲಕ ಸುಟ್ಟರೆ ಎಲ್ಲ ವಿಭಾಗಗಳೂ ಒಟ್ಟಿಗೆ ಹೋಗುತ್ತವೆ. ವಿಭಾಗ ಎಂಬುದು ಪಟ್ಟಿಯಲ್ಲಿನ ಅಂಕಿಗಳಷ್ಟೇ ಎಂದೆವಲ್ಲವೆ? ಆ ಪಟ್ಟಿಯೇ ಅಳಿದರೂ ಅಷ್ಟೆ.

1999ರ ಏಪ್ರಿಲ್ 26ರಂದು ಇದು ಜಗತ್ತಿಗೆ ಮನದಟ್ಟಾಯಿತು. ಸಿಐಎಚ್ ಎಂಬ ವೈರಸ್ ಅಂದು ಏಷ್ಯಾದ ಹಲವು ದೇಶಗಳಲ್ಲಿ ವಿಂಡೋಸ್ 95 ಮತ್ತು 98 ಇದ್ದ ಅಪಾರ ಸಂಖ್ಯೆಯ ಗಣಕಗಳನ್ನು ಕೆಡಿಸಿತು. ಚೆರ್ನೊಬಿಲ್ ಅಣು ದುರಂತದ ದಿನವೂ ಅದೇ ಆದ್ದರಿಂದ ಅದಕ್ಕೆ ಚೆರ್ನೊಬಿಲ್ ವೈರಸ್ ಎಂಬ ಹೆಸರೂ ಬಂತು. ಅದು ಡಿಸ್ಕಿನ ಮೊದಲ 1 ಮೆಗಾಬೈಟ್ ಜಾಗವನ್ನು ಸೊನ್ನೆಗಳಿಂದ ತುಂಬುತ್ತಿತ್ತು. ವಿಭಾಗಗಳ ಪಟ್ಟಿ ಇರುವುದು ಅಲ್ಲಿಯೇ. ಇಷ್ಟಕ್ಕೇ ನಿಲ್ಲದೆ ಅದು ಕೆಲವು ಬಗೆಯ ಯಂತ್ರಗಳಲ್ಲಿ ಬಯೋಸ್ ಚಿಪ್ಪಿನ ಮೇಲೂ ಕಸ ಬರೆಯುತ್ತಿತ್ತು. ಬರೆಯಲು ಬಾರದ ರೋಮ್ ಮೇಲೆ ಬರೆದದ್ದು ಹೇಗೆ? ತಿದ್ದುಪಡಿಗೆ ಅನುಕೂಲವಾಗಲೆಂದು ಅಷ್ಟು ಹೊತ್ತಿಗೆ ತಯಾರಕರು ರೋಮ್ ಬದಲು ಫ್ಲಾಶ್ ಚಿಪ್ಪುಗಳನ್ನು ಬಳಸತೊಡಗಿದ್ದರು. ತಯಾರಕರು ತಿದ್ದಬಲ್ಲದ್ದನ್ನು ವೈರಸ್ಸೂ ತಿದ್ದಬಲ್ಲದು. ವೀಲರ್ ತಂತಿ ಬೆಸೆದು ಶಾಶ್ವತಗೊಳಿಸಿದ್ದ ಹೆಪ್ಪು, ಐವತ್ತು ವರ್ಷಗಳ ಬಳಿಕ ಕೆಡಬಹುದಾದ ವಸ್ತುವಾಗಿತ್ತು.

ಮುಂದೆ ಬಂದ 'ಜಿಪಿಟಿ' ಎಂಬ ಹೊಸ ಪಟ್ಟಿಯಲ್ಲಿ ಈ ಪಾಠದ ಗುರುತನ್ನು ಕಾಣಬಹುದು. ಹಳೆಯ ಪಟ್ಟಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಇಟ್ಟಿತ್ತು. 2ರ 32ನೆಯ ಘಾತವನ್ನು 512ರಿಂದ ಗುಣಿಸಿದರೆ ಸುಮಾರು 2.2 ಲಕ್ಷ ಕೋಟಿ ಬೈಟ್. ಅದಕ್ಕಿಂತ ದೊಡ್ಡ ಡಿಸ್ಕಿಗೆ ಹಳೆಯ ಪಟ್ಟಿ ಸಾಲದು. ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಜಾಗವಿದೆ. ಅದಕ್ಕಿಂತ ಮುಖ್ಯ ಸಂಗತಿ, ಪಟ್ಟಿಯ ಎರಡನೆಯ ಪ್ರತಿಯನ್ನು ಅದು ಡಿಸ್ಕಿನ ಇನ್ನೊಂದು ಕೊನೆಯಲ್ಲಿ ಇಡುತ್ತದೆ.

'ಮೊದಲ ಸ್ಥಿತಿ' ಎಂದರೆ ಯಾವುದು?

ಎರಡನೆಯ ಮಿತಿ ಕಾಲಕ್ಕೆ ಸಂಬಂಧಿಸಿದ್ದು. 2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. 2003ರ ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ಹುಳು ಹರಡತೊಡಗಿತು. ಅದು ನುಸುಳುತ್ತಿದ್ದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಅದೇ ಜುಲೈನಲ್ಲಿ ಕೊಟ್ಟಿತ್ತು. 2002ರಲ್ಲಿ ಕೊಂಡ ಗಣಕವನ್ನು 2003ರ ಕೊನೆಯಲ್ಲಿ ಕಾರ್ಖಾನೆಯ ಸ್ಥಿತಿಗೆ ತಂದರೆ ಏನಾಗುತ್ತದೆ? ತಿದ್ದುಪಡಿ ಅಳಿಯುತ್ತದೆ, ಬಿರುಕು ಮರಳಿ ಬರುತ್ತದೆ. ರಕ್ಷಣೆಯಿಲ್ಲದೆ ಅಂತರಜಾಲಕ್ಕೆ ಜೋಡಿಸಿದರೆ ತಿದ್ದುಪಡಿ ಇಳಿಯುವ ಮೊದಲೇ ಹುಳು ಇಳಿಯಬಹುದಿತ್ತು. ಬಿಂಬ ತಾನು ಹುಟ್ಟಿದ ದಿನದ ಗುಣಗಳ ಜೊತೆಗೆ ಅಂದಿನ ದೋಷಗಳನ್ನೂ ಹಾಗೇ ಕಾಪಾಡುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರ ಇನ್ನೊಂದು ಪರಿಣಾಮವಿದೆ. ಕಾರ್ಖಾನೆಯ ಬಿಂಬದಲ್ಲಿ 'ಬರಹ' ಇರುವುದಿಲ್ಲ, 'ನುಡಿ' ಇರುವುದಿಲ್ಲ. ಇವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕಡತಗಳು ನಿಜವಾಗಿ ರೋಮನ್ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆದಿದ್ದವು. ಕನ್ನಡ ಕಾಣಿಸುತ್ತಿದ್ದುದು ಅಕ್ಷರಶೈಲಿಯ ಬಲದಿಂದ ಮಾತ್ರ. ಮುನ್ನೆಚ್ಚರಿಕೆಯಿಂದ ಪಾಠಗಳನ್ನು ಸಿಡಿಯಲ್ಲಿ ಉಳಿಸಿಕೊಂಡ ಶಿಕ್ಷಕರೂ, ಪುನಃಸ್ಥಾಪನೆಯ ಬಳಿಕ ಅವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ದತ್ತಾಂಶ ಒಂದು ಬಿಟ್ಟೂ ಹಾಳಾಗಿರುವುದಿಲ್ಲ. ಅದನ್ನು ಓದುವ ಕೀಲಿ ಮಾತ್ರ ಹೋಗಿರುತ್ತದೆ. ಅಕ್ಷರಶೈಲಿಯನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ನ ಬೆಲೆ ಇಂಥ ಸಂದರ್ಭದಲ್ಲಿ ಚೆನ್ನಾಗಿ ತಿಳಿಯುತ್ತದೆ. ಕಡತವನ್ನು ಉಳಿಸುವುದೆಂದರೆ ಅದನ್ನು ಓದುವ ಸಾಧನವನ್ನೂ ಉಳಿಸುವುದು.

ಬಿಂಬದಿಂದ ಜಾಲಕ್ಕೆ

2010ರ ನಂತರ ಪ್ರತಿಯ ವಿಳಾಸ ಮತ್ತೆ ಬದಲಾಯಿತು. 2011ರ ಜುಲೈನಲ್ಲಿ ಆಪಲ್ ಕಂಪನಿ ತನ್ನ ಲಯನ್ ಆವೃತ್ತಿಯೊಡನೆ ಸುಮಾರು 650 ಮೆಗಾಬೈಟ್‌ನ ಗುಪ್ತ ವಿಭಾಗವನ್ನು ತಂದಿತು. ಅದರಲ್ಲಿ ಪೂರ್ಣ ವ್ಯವಸ್ಥೆ ಇರಲಿಲ್ಲ. ಅದನ್ನು ಅಂತರಜಾಲದಿಂದ ತರಿಸುವ ಸಾಧನಗಳು ಮಾತ್ರ ಇದ್ದವು. 2012ರಲ್ಲಿ ವಿಂಡೋಸ್ 8, ಬಳಕೆದಾರನ ಕಡತಗಳನ್ನು ಉಳಿಸಿಕೊಂಡು ವ್ಯವಸ್ಥೆಯನ್ನಷ್ಟೇ ಹೊಸದಾಗಿಸುವ ಆಯ್ಕೆಯನ್ನು ಕೊಟ್ಟಿತು. 2015ರಲ್ಲಿ ವಿಂಡೋಸ್ 10 ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರತ್ಯೇಕ ಬಿಂಬವಿಲ್ಲದೆ, ಇರುವ ವ್ಯವಸ್ಥೆಯ ಬಿಡಿಭಾಗಗಳಿಂದಲೇ ಅದು ತನ್ನನ್ನು ಮರುಜೋಡಿಸಿಕೊಳ್ಳುತ್ತದೆ. ಹೀಗಾಗಿ ಮರಳುವುದು ಹಳೆಯ ದಿನಕ್ಕಲ್ಲ, ತಿದ್ದುಪಡಿಗಳ ನಂತರದ ಸ್ಥಿತಿಗೆ. 2020ರಲ್ಲಿ ಜಾಲದಿಂದ ಇಳಿಸಿಕೊಳ್ಳುವ ಆಯ್ಕೆಯೂ ಸೇರಿತು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ 'ಫ್ಯಾಕ್ಟರಿ ರೀಸೆಟ್' ಮಾಡಿದಾಗಲೂ ಸಾಮಾನ್ಯವಾಗಿ ವ್ಯವಸ್ಥೆಯ ಭಾಗ ಹಾಗೇ ಇರುತ್ತದೆ. ಅಳಿಯುವುದು ನಿಮ್ಮ ದತ್ತಾಂಶದ ಭಾಗ ಮಾತ್ರ.

ಗುಪ್ತ ವಿಭಾಗ ಪೂರ್ತಿ ಮಾಯವಾಗಿಲ್ಲ. ಪುಟ್ಟ ಪುನಃಸ್ಥಾಪನಾ ವ್ಯವಸ್ಥೆಗೆ ಇಂದಿಗೂ ಅದು ಬೇಕು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಳಿಸಿದ ಒಂದು ಭದ್ರತಾ ತಿದ್ದುಪಡಿ ಅನೇಕ ವಿಂಡೋಸ್ 10 ಗಣಕಗಳಲ್ಲಿ ವಿಫಲವಾಯಿತು. ಕಾರಣ, ಆ ವಿಭಾಗದಲ್ಲಿ ಬೇಕಿದ್ದ 250 ಮೆಗಾಬೈಟ್ ಖಾಲಿ ಜಾಗ ಇರಲಿಲ್ಲ. ಅಂಥ ವಿಭಾಗವೊಂದು ತಮ್ಮ ಗಣಕದಲ್ಲಿದೆ ಎಂಬುದು ಎಷ್ಟೋ ಜನರಿಗೆ ತಿಳಿದದ್ದೇ ಆಗ.

ಘಾನಾದಲ್ಲಿ ಉಳಿದ ಒಂದು ಪ್ರತಿ

ಪ್ರತಿಯನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಇತ್ತೀಚಿನ ಚರಿತ್ರೆ ಕೊಟ್ಟ ಅತಿ ದೊಡ್ಡ ಪಾಠ 2017ರ ಜೂನ್ 27ರದು. ನಾಟ್‌ಪೆಟ್ಯಾ ಎಂಬ ವಿನಾಶಕಾರಿ ತಂತ್ರಾಂಶ ಅಂದು ಉಕ್ರೇನಿನಿಂದ ಹೊರಟು ಹಲವು ದೇಶಗಳಿಗೆ ಹರಡಿತು. ಹಡಗು ಸಾಗಣೆಯ ಡೆನ್ಮಾರ್ಕಿನ ದೊಡ್ಡ ಸಂಸ್ಥೆ ಮೇರ್ಸ್ಕ್ ಅದಕ್ಕೆ ತುತ್ತಾಯಿತು. ಸಂಸ್ಥೆಯ ಜಾಲದಲ್ಲಿ ಯಾರು ಯಾರೆಂಬ ಮಾಹಿತಿಯನ್ನು ಇಟ್ಟ ಸುಮಾರು 150 ಮುಖ್ಯ ಸರ್ವರ್‌ಗಳು ಜಗತ್ತಿನ ಬೇರೆ ಬೇರೆ ಊರುಗಳಲ್ಲಿದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ನಕಲಿಸಬಹುದು ಎಂಬುದು ಯೋಜನೆ. ಆದರೆ ಎಲ್ಲವೂ ಒಂದೇ ಜಾಲಕ್ಕೆ ಜೋಡಿಸಿದ್ದರಿಂದ ಎಲ್ಲವೂ ಒಟ್ಟಿಗೆ ಅಳಿದವು. ಒಂದನ್ನು ಬಿಟ್ಟು. ಆಫ್ರಿಕಾದ ಘಾನಾ ದೇಶದ ಕಚೇರಿಯಲ್ಲಿ ಆ ಹೊತ್ತಿಗೆ ವಿದ್ಯುತ್ ಹೋಗಿತ್ತು. ಅಲ್ಲಿನ ಸರ್ವರ್ ಜಾಲದಿಂದ ಕಳಚಿಕೊಂಡಿದ್ದರಿಂದ ಉಳಿಯಿತು. ಅದರ ಡಿಸ್ಕನ್ನು ನೈಜೀರಿಯಾದ ಮೂಲಕ ವಿಮಾನದಲ್ಲಿ ಇಂಗ್ಲೆಂಡಿಗೆ ಒಯ್ದರು. ಆ ಪ್ರತಿಯಿಂದ ವ್ಯವಸ್ಥೆಯನ್ನು ಮತ್ತೆ ಕಟ್ಟಲಾಯಿತು. ಹತ್ತು ದಿನಗಳಲ್ಲಿ 4,000 ಸರ್ವರ್ ಮತ್ತು 45,000 ಗಣಕಗಳನ್ನು ಹೊಸದಾಗಿ ಸ್ಥಾಪಿಸಬೇಕಾಯಿತು ಎಂದು ಸಂಸ್ಥೆಯ ಅಧ್ಯಕ್ಷರು 2018ರ ಜನವರಿಯಲ್ಲಿ ತಿಳಿಸಿದರು.

ನೂರೈವತ್ತು ಪ್ರತಿಗಳಿದ್ದರೂ ಅವು ಒಂದೇ ಅಪಾಯಕ್ಕೆ ಸಿಗುವಂತಿದ್ದರೆ ಲೆಕ್ಕಕ್ಕೆ ಒಂದೇ ಪ್ರತಿ. ಇದು ಹಾರ್ಡ್ ಡಿಸ್ಕಿನ ಎರಡು ವಿಭಾಗಗಳಿಗೂ ಅನ್ವಯಿಸುವ ಮಾತು.

ಶಾಲೆ ಮನೆಗಳಲ್ಲಿ ನಾವು ಏನು ಮಾಡಬಹುದು? ಹೊಸ ಗಣಕ ಬಂದಾಗಲೇ ಅದರ ಪುನಃಸ್ಥಾಪನಾ ಪ್ರತಿಯನ್ನು ಒಂದು ಪೆನ್ ಡ್ರೈವಿನಲ್ಲಿ ಮಾಡಿ, ಹೆಸರು ಬರೆದು ತೆಗೆದಿಡಿ. ನಿಮ್ಮ ಕಡತಗಳ ಪ್ರತಿ ಕನಿಷ್ಠ ಒಂದಾದರೂ ಯಂತ್ರದಿಂದ ಕಳಚಿ ಇಟ್ಟ ಡಿಸ್ಕಿನಲ್ಲಿರಲಿ. ಇನ್ನೊಂದು ಬೇರೆ ಕಟ್ಟಡದಲ್ಲಿರಲಿ. ಹಳೆಯ ಅಕ್ಷರಶೈಲಿಯ ಕನ್ನಡ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿ, ಇಲ್ಲವೇ ಅಕ್ಷರಶೈಲಿಯನ್ನೂ ಅವುಗಳ ಜೊತೆಗೇ ಇಡಿ. ವರ್ಷಕ್ಕೊಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಪ್ರತಿ ಇದೆಯೋ ಇಲ್ಲವೋ ಹೇಳುವಂತಿಲ್ಲ. ಹೈಸ್ಕೂಲಿನ ವಿದ್ಯಾರ್ಥಿಗಳಿಗೆ ಈ ಕೆಲಸಗಳನ್ನೇ ಒಂದು ಪ್ರಯೋಗವಾಗಿ ಕೊಡಬಹುದು. ಶಾಲೆಯ ಗಣಕದ ಡಿಸ್ಕ್ ನಿರ್ವಹಣೆಯ ಪುಟ ತೆರೆದು ಅಲ್ಲಿ ಎಷ್ಟು ವಿಭಾಗಗಳಿವೆ, ಡ್ರೈವ್ ಅಕ್ಷರವಿಲ್ಲದವು ಯಾವುವು ಎಂದು ಅವರು ಪಟ್ಟಿ ಮಾಡಲಿ. ನೋಡಿದರೆ ಸಾಕು, ಅಳಿಸುವುದು ಬೇಡ.

ಕಾರ್ಖಾನೆಯವರು ಗುಪ್ತ ವಿಭಾಗದಲ್ಲಿ ಕಾಪಾಡುವುದು ತಾವು ಮಾಡಿದ್ದನ್ನು. ಅದು ಹೋದರೆ ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು, ಹೆಪ್ಪಿಲ್ಲದ ದಿನ ಪಕ್ಕದ ಮನೆಯಿಂದ ತಂದಂತೆ. ನಾವು ಬರೆದ ಪಾಠ, ಮಕ್ಕಳು ಮಾಡಿದ ಪ್ರಯೋಗದ ಅಳತೆಗಳು ಪಕ್ಕದ ಮನೆಯಲ್ಲಿ ಸಿಗುವುದಿಲ್ಲ. ಅವುಗಳ ಪ್ರತಿ ಇಡಬೇಕಾದವರು ನಾವೇ.